ಐದು ಮೂಲೆಯ ಸೈಟಿನ ಮೇಷ್ಟ್ರು

ಶಿವಬಸಪ್ಪ ಮೇಷ್ಟ್ರು ಬೋರ್ಡಿನ ಮೇಲೆ ನೆಟ್ಟಗಿನ ಆಕೃತಿ ಬರೆದದ್ದನ್ನು ನಾನು ಕಂಡಿಲ್ಲ. ಸರಸ್ವತಿಪುರಂನ ಟ್ಯುಟೋರಿಯಲ್‌ನಲ್ಲಿ ಪಂಚಭುಜ ಬರೆಯಿರಿ ಎಂದರೆ ನಾವೆಲ್ಲ ಸ್ಕೇಲು ಹಿಡಿದು, ಐದೂ ಬಾಹು, ಐದೂ ಕೋನ ಸಮನಾಗಿರುವ ಮುದ್ದಾದ ಚಿತ್ರ ಬರೆಯುತ್ತಿದ್ದೆವು. ಮೇಷ್ಟ್ರು ಒಂದು ಕಡೆ ಎಳೆದು, ಇನ್ನೊಂದು ಕಡೆ ಮೊಟಕು ಮಾಡಿ, ಸೊಟ್ಟಗೆ ಗೀಚುತ್ತಿದ್ದರು.

“ನಿಮ್ದು ನಿಯಮಿತ, ನಂದು ಅನಿಯಮಿತ. ಅಷ್ಟಕ್ಕೇ ಇದು ಜಾತಿ ಕೆಟ್ಟೋಯ್ತಾ? ಒಳಕೋನ ಕೂಡ್ಸಿ ನೋಡ್ರಪ್ಪ.”

ಒಂದು ಮೂಲೆಯಿಂದ ಗೆರೆ ಎಳೆದು ಮೂರು ತ್ರಿಭುಜ ಮಾಡಿದರೆ ಎರಡಕ್ಕೂ ಐನೂರ ನಲವತ್ತು ಡಿಗ್ರಿಯೇ. ಆಗ ಮೇಷ್ಟ್ರು ಸ್ವಂತ ಮಗ ಪಾಸಾದವರ ಹಾಗೆ ಬೀಗುತ್ತಿದ್ದರು.

ಆ ಸೊಟ್ಟ ಪ್ರೀತಿಯೇ ಅವರ ಸಂಸಾರಕ್ಕೆ ಮುಳುವಾಯಿತು. ತೊಂಬತ್ತರ ದಶಕದಲ್ಲಿ ಸಿದ್ಧಾರ್ಥನಗರದಲ್ಲಿ, ನಮ್ಮ ಮನೆಯ ಎದುರಿಗೇ, ಯಾರೂ ಮುಟ್ಟದ ಐದು ಮೂಲೆಯ ಸೈಟೊಂದನ್ನು ಇಷ್ಟಪಟ್ಟು ಕೊಂಡು ಮನೆ ಕಟ್ಟಿಸಿದರು. ಹೆಂಡತಿ ಗೌರಮ್ಮನವರಿಗೆ ವಾಸ್ತು ಎಂದರೆ ಪ್ರಾಣ. ಅಂಥ ಜಾಗದಲ್ಲಿ ಹಾಲುಕ್ಕಿಸುವುದಿಲ್ಲ ಎಂದು ಇಲವಾಲದ ಅಣ್ಣನ ಮನೆಯಲ್ಲೇ ಉಳಿದರು. ಇವರೂ ಹಟ ಬಿಡಲಿಲ್ಲ. ಒಬ್ಬರೇ ಹಾಲುಕ್ಕಿಸಿ, ಒಬ್ಬರೇ ಅಡುಗೆ ಮಾಡಿಕೊಂಡು ಇದ್ದುಬಿಟ್ಟರು.

“ಅಂಚು ಹಿಡ್ಕೊಂಡು ಒಂದು ಸುತ್ತು ಬಂದ್ರೆ ಚೌಕದಲ್ಲೂ ಮುನ್ನೂರ ಅರವತ್ತೇ ಡಿಗ್ರಿ ತಿರುಗೋದು, ಇದ್ರಲ್ಲೂ ಅಷ್ಟೇ ಕಣಮ್ಮ. ದೋಷ ಎಲ್ಲಿಂದ ಬಂತು?” ಎಂದು ನನ್ನ ಅಮ್ಮನ ಮುಂದೆ ವಾದ ಹೂಡುತ್ತಿದ್ದರು.

“ಅದೆಲ್ಲ ಸರಿ, ಊಟ ಆಯ್ತಾ ಮೇಷ್ಟ್ರೇ?” ಎನ್ನುತ್ತಿದ್ದಳು ಅಮ್ಮ.

ಸಂಜೆ ಗೇಟಿನ ಹತ್ತಿರ ಬಂದು ನಿಲ್ಲುವರು. ಆಟೋ ಬಂದರೆ ಕತ್ತೆತ್ತಿ ನೋಡುವರು. ಅದು ಮುಂದೆ ಹೋದರೆ ತಾವು ಒಳಗೆ ಹೋಗುವರು. ನನಗೆ ನೋಡಿ ನೋಡಿ ಸಂಕಟವಾಗುತ್ತಿತ್ತು.

ನಾನು ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಎದುರು ಮನೆಗೆ ಇಟ್ಟಿಗೆ ಬಂತು. ಮೇಷ್ಟ್ರು ಅಂಗಳಕ್ಕೆ ಅಡ್ಡಗೋಡೆ ಹಾಕಿಸಿ ಚೂಪು ಮೂಲೆಯನ್ನು ಹೊರಗೆ ಬಿಟ್ಟರು. ವಾಸ್ತು ನಂಬುವವರು ಮಾಡಿಸುವುದೇ ಹಾಗೆ. ಹೆಚ್ಚಿನ ಮೂಲೆ ಗೋಡೆಯಾಚೆ ಹೋದರೆ ದೋಷವೂ ಹೋಯಿತು. ಆದರೆ ಇವರು ಮಾಡಿಸಿದ್ದನ್ನು ನನಗೆ ನಂಬಲಾಗಲಿಲ್ಲ.

“ಇದೇನ್ ಮೇಷ್ಟ್ರೇ?” ಎಂದೆ.

“ಈಗ ನಾಕೇ ಮೂಲೆ. ಗೌರಿ ಬರ್ಲಿ ಅಂತ.”

“ಅವ್ರಿಗೆ ಹೇಳಿದ್ರಾ?”

“ಸೋತೆ ಅಂತ ಬಾಯ್ಬಿಟ್ಟು ಬೇರೆ ಹೇಳ್ಬೇಕಾ? ಯಾರಾದ್ರೂ ಹೇಳಿರ್ತಾರೆ ಬುಡು. ಬರ್ತಾಳೆ.”

ಹಾಳು ಬಿಗುಮಾನ. ಗೋಡೆಗೆ ಸುಣ್ಣ ಹೊಡೆಸಿದರು, ಬಾಗಿಲಿಗೆ ಮಾವಿನೆಲೆ ಕಟ್ಟಿದರು. ಒಣಗಿದರೆ ತೆಗೆದು ಬೇರೆ ಕಟ್ಟಿದರು. ಆಮೇಲೆ ಕಟ್ಟುವುದನ್ನೂ ಬಿಟ್ಟರು.

ಕೆಲವು ವರ್ಷಗಳ ನಂತರ, ಎದೆನೋವು ಎಂದು ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ನಾನು ಓಡಿ ಬಂದೆ. ಗೌರಮ್ಮನವರೂ ಬಂದರು. ಗೇಟಿನಲ್ಲೇ ನಿಂತು, ಸುಣ್ಣ ಮಾಸಿದ ಆ ಅಡ್ಡಗೋಡೆಯನ್ನು ನೋಡಿದರು.

“ಇದ್ನ ಯಾವಾಗ ಕಟ್ಸಿದ್ರಮ್ಮ?” ಎಂದು ನನ್ನನ್ನು ಕೇಳಿದರು.

“ತುಂಬಾ ದಿನ ಆಯ್ತಮ್ಮ. ನೀವು ಬರ್ಲಿ ಅಂತ ಕಟ್ಸಿದ್ರು.”

ಅವರು ಗೋಡೆಗೆ ಕೈಯೂರಿ ನಿಂತರು.

“ನಂಗ್ಯಾರೂ ಹೇಳ್ಲೇ ಇಲ್ಲವಲ್ಲಮ್ಮ.”

ಚಪ್ಪಲಿ ಬಿಟ್ಟು, ಮೊದಲ ಸಲ ಆ ಮನೆಯೊಳಗೆ ಹೋಗಿ, ಗಂಡನ ತಲೆದೆಸೆಯಲ್ಲಿ ಕೂತರು.