ಯುನಾನಿಮಸ್ ಕಲಿತ ಬೆಳಿಗ್ಗೆ

ಮೊನ್ನೆ ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಬಿಸಿ ಮಿರ್ಚಿ ಕಟ್ಟಿಕೊಟ್ಟದ್ದು ಇಂಗ್ಲಿಷ್ ಪೇಪರಿನಲ್ಲಿ. ಕರಿದ ಎಣ್ಣೆಗೆ ಅಚ್ಚಿನ ಮಸಿ ಬೆರೆತ ವಾಸನೆ ಮೂಗಿಗೆ ಬಡಿಯಿತು. ತಿನ್ನಲಾಗದೆ ಪಕ್ಕಕ್ಕಿಟ್ಟೆ. ಬಾಲ್ಯದ ವಾಸನೆ ಎಂದರೆ ನಿಮಗೆ ಹಿತವಾದದ್ದೇ ನೆನಪಾಗಬಹುದು. ನನಗೆ ಹಾಗಲ್ಲ. ಈ ಮಸಿಯ ವಾಸನೆ ನನ್ನನ್ನು ನೇರವಾಗಿ ನಮ್ಮ ಹಳೆಯ ಮನೆಯ ಪಡಸಾಲೆಗೆ ಒಯ್ಯುತ್ತದೆ. ಅಲ್ಲಿ ದೊಡ್ಡಪ್ಪ ಕಂಬಕ್ಕೆ ಒರಗಿ, ಹಣೆಯ ವಿಭೂತಿ ಇನ್ನೂ ಆರದೆ, ಸಿಂಧನೂರಿನ ಬಸ್ಸಿಗೆ ಬಂದ ನಿನ್ನೆಯ ಪೇಪರು ಬಿಡಿಸುತ್ತಿದ್ದರು.

ಗೊಬ್ಬರದ ಅಂಗಡಿಯ ಬಾಗಿಲು ತೆರೆಯುವ ಮೊದಲು ಅವರು ಮನೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ದಿನಕ್ಕೆ ಒಂದೇ ಪದ, ಅದೂ ರಾಜಕೀಯದ ಸುದ್ದಿಯಿಂದ. ಆ ಪದವನ್ನು ಮನೆಯಲ್ಲಿ ನಡೆದ ಸಂಗತಿಗೆ ಹೊಂದಿಸಿ ವಾಕ್ಯ ಬರೆಯಬೇಕು, ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಬೇಕು. 'ಅಶ್ಯೂರೆನ್ಸ್' ಎಂಬ ಪದ ಬಂದ ದಿನ, ಅಪ್ಪ ಹೊಸ ಚಪ್ಪಲಿ ತರುವ ಆಶ್ವಾಸನೆ ಕೊಟ್ಟಿದ್ದಾನೆ ಎಂದು ನಾನು ಬರೆದೆ. ಮನೆಯೆಲ್ಲ ನಕ್ಕಿತು. ಒಂದು ನಿಯಮವಿತ್ತು, ವಾಕ್ಯ ನಿಜವಾಗಿರಬೇಕು. "ಸುಳ್ಳು ಬರ್ಯಾಕ ಮಂತ್ರಿಗಳು ಅದಾರ, ನೀವು ಖರೆ ಬರೀರಿ" ಎನ್ನುತ್ತಿದ್ದರು. ಚಿಕ್ಕವರ ವಹಿಗಳನ್ನು ತಿದ್ದುತ್ತಿದ್ದವಳು ಅವರ ಮಗಳು ಗಿರಿಜಕ್ಕ. ಆಕೆ ಪಿಯುಸಿ ಮುಗಿಸಿ, ಸಿಂಧನೂರಿನ ಡಿಗ್ರಿ ಕಾಲೇಜಿನ ಅರ್ಜಿ ತುಂಬಿಟ್ಟಿದ್ದಳು. ದೊಡ್ಡಪ್ಪನ ಸಹಿಯೊಂದೇ ಬಾಕಿ.

ಒಂದು ಸಂಜೆ ಆಕೆಗೆ ಲಿಂಗಸುಗೂರಿನಿಂದ ಬಂದ ಸಂಬಂಧದ ಮಾತು ನಡೆಯಿತು. ದೊಡ್ಡಪ್ಪ, ಅಪ್ಪ, ಅಜ್ಜಿ ಕುಳಿತಿದ್ದರು. ನಾನು ಹೊಸ್ತಿಲ ಬಳಿ ಶೇಂಗಾ ಸುಲಿಯುತ್ತಿದ್ದೆ. ಎಲ್ಲರಿಗೂ ಒಪ್ಪಿಗೆ ಎಂದಾದ ಮೇಲೆ, ನೀರು ತಂದ ಗಿರಿಜಕ್ಕ ತಂಬಿಗೆ ಹಿಡಿದೇ ನಿಂತಳು. "ಅಪ್ಪಾ, ನಾ ಕಾಲೇಜಿಗೆ ಹೋಗ್ತೀನಿ. ಈಗ ಲಗ್ನ ಒಲ್ಲೆ" ಅಂದಳು. ದೊಡ್ಡಪ್ಪ ತಲೆ ಎತ್ತಲಿಲ್ಲ. "ನಿನ್ನ ಯಾರ್ ಕೇಳ್ಯಾರ? ಒಳಗ ನಡಿಯಬೇ" ಎಂದವಳು ಅಜ್ಜಿ.

ಮರುದಿನ ಬೆಳಿಗ್ಗೆ ಬಿಡಿಸಿದ ಪೇಪರಿನಲ್ಲಿ ಯಾವುದೋ ಪಕ್ಷ ತನ್ನ ನಾಯಕನನ್ನು ಆರಿಸಿದ ಸುದ್ದಿ. ದೊಡ್ಡಪ್ಪ ಓದಿ ಅಸಹ್ಯದಿಂದ ತುಟಿ ಸೊಟ್ಟ ಮಾಡಿದರು. "ಯುನಾನಿಮಸ್ ಅಂತ! ಸರ್ವಾನುಮತ! ನಾಕು ಮಂದಿ ಕ್ವಾಣ್ಯಾಗ ಕುಂತು ತೀರ್ಮಾನ ಮಾಡ್ಯಾರ, ಉಳಿದವರನ್ನ ಕೇಳೇ ಇಲ್ಲ. ಬರೀರಿ." ನಾವು ಬರೆದೆವು. ಗಿರಿಜಕ್ಕ ಎದ್ದು ನಿಂತು ತನ್ನದನ್ನು ಓದಿ, ತಡವರಿಸದೆ ಕನ್ನಡದಲ್ಲಿ ಹೇಳಿದಳು: "ನಮ್ಮನಿ ತೀರ್ಮಾನ ಸರ್ವಾನುಮತದ್ದು. ನನ್ನ ಯಾರೂ ಕೇಳಿಲ್ಲ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ದೊಡ್ಡಪ್ಪ ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಲೇ ಸಣ್ಣಾಕಿ, ನಿನ್ನೆ ನೀ ಅಲ್ಲೇ ಇದ್ದಿ. ಈ ವಾಕ್ಯ ಖರೆ ಐತೋ, ಸುಳ್ಳೋ?"

"ಸುಳ್ಳು, ದೊಡ್ಡಪ್ಪ. ನೀವು ಅಕ್ಕನ್ನ ಕೇಳಿದ್ರಿ."

ಅವರು ಕೆಂಪು ಪೆನ್ನಿನಿಂದ ಆಕೆಯ ವಾಕ್ಯಕ್ಕೆ ಗೀಟು ಹಾಕಿದರು. ನನ್ನ ವಹಿಯಲ್ಲಿ, ನಾನು ಬರೆದದ್ದನ್ನು ಓದದೆಯೇ, 'ಗುಡ್' ಎಂದು ಬರೆದರು. ಅದನ್ನು ಅವ್ವನಿಗೆ ತೋರಿಸಲು ಅಡುಗೆಮನೆಗೆ ಓಡಿದೆ. ನನಗೆ ಖುಷಿಯಾಗಿತ್ತು. ಇವತ್ತಿಗೂ ನನಗೆ ಹೇಸಿಗೆ ಹುಟ್ಟಿಸುವುದು ಆ ಖುಷಿಯೇ. ಗಿರಿಜಕ್ಕ ಮತ್ತೆ ಪಾಠಕ್ಕೆ ಕೂರಲಿಲ್ಲ. ಅರ್ಜಿಗೆ ಸಹಿ ಬೀಳಲಿಲ್ಲ. ಲಗ್ನವಾಗಿ ಲಿಂಗಸುಗೂರಿಗೆ ಹೋದಳು. ಚಿಕ್ಕವರ ವಹಿ ತಿದ್ದುವ ಕೆಲಸ ನನಗೆ ಸಿಕ್ಕಿತು. ಪಾಠ ಮಾತ್ರ ವರ್ಷಗಟ್ಟಲೆ ನಡೆಯಿತು. ದೊಡ್ಡಪ್ಪ ಕಡೆಯವರೆಗೂ ಮಂತ್ರಿಗಳ ಸುಳ್ಳಿಗೆ ಸಿಟ್ಟಾಗುತ್ತಲೇ ಇದ್ದರು.

ಈಗ ಅವರಿಲ್ಲ, ಅಜ್ಜಿಯಿಲ್ಲ. ಪಡಸಾಲೆ ಇದ್ದಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಕಳೆದ ವರ್ಷ ಲಿಂಗಸುಗೂರಿನಲ್ಲಿ ಗಿರಿಜಕ್ಕನ ಅಡುಗೆಮನೆಯಲ್ಲಿ ಕುಳಿತು ಕೊನೆಗೂ ಬಾಯಿ ಬಿಟ್ಟೆ. "ಅಕ್ಕಾ, ಅವತ್ತು ನಿನ್ನ ಯಾರೂ ಕೇಳಿರಲಿಲ್ಲ. ನಾ ಸುಳ್ಳು ಹೇಳಿದೆ."

ಆಕೆ ಮೆಂತ್ಯದ ಎಲೆ ಬಿಡಿಸುತ್ತಲೇ ಇದ್ದಳು. "ನೀ ಸಣ್ಣಾಕಿ ಇದ್ದಿ, ಅಂಜಿದ್ದಿ. ಅದು ನನಗ ಗೊತ್ತೈತಿ" ಅಂದಳು. ಬರಿದಾದ ದಂಟನ್ನು ಪಕ್ಕಕ್ಕಿಟ್ಟು, ಬೇಸರವಿಲ್ಲದ ದನಿಯಲ್ಲೇ ಕೇಳಿದಳು: "ಆದ್ರ ಹೇಳಾಗ ಅಪ್ಪನ್ನ ಬಿಟ್ಟು ನನ್ನ ಮಾರಿ ಯಾಕ ನೋಡಿದಿ?"

ನೋಡಿದ್ದು ನನಗೆ ನೆನಪಿರಲಿಲ್ಲ.