ಮುತ್ಯಾಗ ‘ಹೋಗು’ ಅಂದ ರಾತ್ರಿ

ಕತ್ತೆಗೂ ನಾಚಿಕಿ ಬರೂವಂಥ ಕೆಲಸ ಮಾಡೀನ್ರಿ ನಾನು. ಮೊದಲೇ ಒಪ್ಕೊಂಡ್ಬಿಡ್ತೀನಿ. ನಾಕು ಸರ್ವರ್ ಒಮ್ಮೆಲೇ ರೀಬೂಟ್ ಮಾಡಿದೆ. ಒಂದು ಕೈಯಾಗ ಚಾ, ಇನ್ನೊಂದು ಕೈಯಾಗ ಮೌಸ್...

ನನ್ನ ಮಾತು ನಮ್ಮವ್ವನೂ ಅರ್ಧಾನ ನಂಬ್ತಾಳ. ಆದ್ರ ಇದರಾಗ ಒಂದು ಚೂರೂ ಮಸಾಲಿ ಹಾಕಿಲ್ಲ. ಹಾಕೂ ಧೈರ್ಯ ಉಳದಿಲ್ಲ.

ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಾಗ ಒಂದು ಸ್ಕ್ಯಾನಿಂಗ್ ಸೆಂಟರ್ ಐತಿ. ಅಲ್ಲಿ ಕಂಪ್ಯೂಟರ್ ನೋಡ್ಕೊಳ್ಳಾಂವ ನಾನು. ನೋಡ್ಕೊಳ್ಳಾಂವ ಅಂದ್ರ ಸುಮ್ಮ ನೋಡ್ತಿದ್ದೆ, ಅಷ್ಟೇ. ಖರೇ ಕೆಲಸ ಮಾಡ್ತಿದ್ದವರು ಗುಂಡೂಕಾಕಾ. ಕಲಬುರಗಿ ಕಡೆಯವರು. ಕುಷಾಯಿಗೂಡದ ಕಡೆ ಫ್ಯಾಕ್ಟರಿಯಾಗ ರಿಟೈರ್ ಆಗಿ ನಮ್ಮಲ್ಲಿಗೆ ಬಂದಿದ್ರು. ಬಾಯಾಗ ಯಾವಾಗ್ಲೂ ಲವಂಗ. ಮಾತಾಡೂಕಿಂತ ಮೊದಲು ಎರಡು ಸಣ್ಣ ಕೆಮ್ಮು.

ಬೇಸ್‌ಮೆಂಟಿನ ಮೂಲ್ಯಾಗ ಒಂದು ಹಳೇ ಸರ್ವರ್. ಮಂದಿ ತಲಿ, ಎದಿ, ಹೊಟ್ಟಿ... ಇಲ್ಲೀ ತನಕ ತಗದ ಸ್ಕ್ಯಾನ್ ಎಲ್ಲಾ ಅದರಾಗs. ಕಾಕಾ ಅದಕ್ಕ ಮುತ್ಯಾ, ಅಂದ್ರ ಅಜ್ಜ, ಅಂತಿದ್ರು. ರೀಬೂಟ್ ಮಾಡೂಮುಂದ ಅದರ ನೆತ್ತಿ ಮ್ಯಾಲ ಕೈ ಇಟ್ಟು, ‘ಹೋಗಿ ಬಾರೋ ಮುತ್ಯಾ’ ಅನ್ನೋರು. ನಾ ಹೊಟ್ಟಿ ಹಿಡ್ಕೊಂಡು ನಗ್ತಿದ್ದೆ.

“ನಗು ಮಗನ, ನಗು. ನಿಮ್ಮವ್ವ ಮನಿ ಬಿಡೂಮುಂದ ಹೋಗ್ತೀನಿ ಅಂತಾಳೇನು? ಬರ್ತೀನಿ ಅಂತಾಳ. ಇದೂ ಹಂಗs. ಹೋಗೂದು ಸುಲಭ ಐತಿ. ಬರಬೇಕಲ್ಲ.”

ಬ್ಯಾಕಪ್ ಸಾಫ್ಟ್‌ವೇರ್ ಹೊಸಾದು ಹಾಕೂದಿತ್ತು. ಹಾಕಿದ ಮ್ಯಾಲ ಎಲ್ಲಾ ಸರ್ವರ್ ರೀಬೂಟ್ ಆಗಬೇಕು. ಅಷ್ಟರಾಗ ಕಾಕಾಗ ಎದಿ ಆಪರೇಷನ್ ಬಂತು. ಒಂದು ಎದ್ದು ಕುಂತ ಮ್ಯಾಲೇ ಇನ್ನೊಂದು ಮಾಡು, ಮುತ್ಯಾನ್ನ ಮಾತ್ರ ಮುಟ್ಟಬ್ಯಾಡ, ನಾ ಬಂದು ಮಾಡ್ತೀನಿ ಅಂತ ಹೇಳಿ ದವಾಖಾನಿ ಸೇರಿದ್ರು.

ಕಾಕಾ ಬರೂದ್ರಾಗ ಎಲ್ಲಾ ಮುಗಿಸಿ ಮೀಸಿ ತಿರುವೋಣ ಅಂದ್ಕೊಂಡೆ. ಮೀಸಿನೂ ನಂಗ ಸರಿ ಬಂದಿಲ್ಲ, ಆ ಮಾತು ಬ್ಯಾರೆ. ಮರುದಿನ ಕಾಕಾಂದು ಆಪರೇಷನ್ ಅನ್ನೂ ರಾತ್ರಿ ಕುಂತೆ. ಜಾಗ ಸಾಲವಲ್ದು ಅಂತ ಹಳೇ ಬ್ಯಾಕಪ್ ಕಾಪಿ ಎಲ್ಲಾ ಅಳಿಸಿ, ಹೊಸ ಸಾಫ್ಟ್‌ವೇರ್ ಹಾಕಿ, ನಾಕಕ್ಕೂ ಕೂಡೇ ರೀಬೂಟ್ ಒತ್ತಿದೆ. ಒತ್ತಿ, ಮುತ್ಯಾನ್ನ ಕಾಲಿಲೆ ತಿವಿದು, ಕಾಕಾನ ದನಿ ಅಣಕಿಸಿ ಅಂದೆ...

“ಹೋಗೋ ಮುತ್ಯಾ, ಹೋಗು.”

ಮೂರು ಎದ್ದು ಬಂದ್ವು. ಮುತ್ಯಾನ ಫ್ಯಾನು ಊಂ... ಅಂತ ಸಣ್ಣಗಾತು. ಇನ್ನೂ ಸಣ್ಣಗಾತು. ನಿಂತ್ಹೋತು.

ಬಟನ್ ಒತ್ತಿದೆ. ಇಲ್ಲ. ಕರೆಂಟಿನ ವೈರ್ ಕಿತ್ತಿ ಚುಚ್ಚಿದೆ. ಇಲ್ಲ. ಮತ್ತ ಕಿತ್ತಿದೆ. ಹಳೇ ಕಾಪಿ ನಾನs ಅಳಿಸೀನಿ. ಹೊಸಾದು ಇನ್ನೂ ಆಗಿಲ್ಲ. ಮುತ್ಯಾ ಬರಲಿಲ್ಲಂದ್ರ ಅಷ್ಟೂ ಮಂದಿ ಸ್ಕ್ಯಾನ್ ಮಣ್ಣಾತು. ಎಸಿ ಗಾಳಿಯಾಗೂ ಬೆನ್ನು ತೊಯ್ದು ಹೋಗಿತ್ತು.

ನಾಚಿಕಿ ಬಿಟ್ಟು ಕಾಕಾಗ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡ್ತಿ, ಕಾಕು.

“ಒಮ್ಮೆಲೇ ದಮ್ಮು ಬಂತಪಾ ಅವರಿಗೆ... ಈಗೀಗ ಆಪರೇಷನ್ನಿಗೆ ಒಳಗ ಒಯ್ದ್ರು. ಬೆಳಗಿನ ತನಕ ತಡಿಯೂಹಂಗಿಲ್ಲಂತ. ನೀ ಯಾಕ ಮಾಡಿದ್ದಿ?”

“ಸುಮ್ಮನ, ಕಾಕು. ಹೆಂಗದಾರ ಕೇಳೂಣಂತ.”

ಇಟ್ಟುಬಿಟ್ಟೆ. ಆಮ್ಯಾಲ, ನಗಬ್ಯಾಡ್ರಿ, ಕಿತ್ತಿದ ವೈರ್ ಎಡಗೈಯಾಗ ಹಂಗೇ ಹಿಡ್ಕೊಂಡು, ಬಲಗೈ ಮುತ್ಯಾನ ನೆತ್ತಿ ಮ್ಯಾಲ ಇಟ್ಟೆ. ಕಬ್ಬಿಣ ತಣ್ಣಗ ಕೊರಿತಿತ್ತು.

“ಬಾರೋ ಮುತ್ಯಾ.”

ಏನೂ ಇಲ್ಲ.

“ಬಾರಪ್ಪಾ... ತಪ್ಪಾತು.”

ಏನೂ ಇಲ್ಲ. ಮೂಗು ತೋಳಿಗೆ ಒರಸ್ಕೋತ ಸಣ್ಣ ಹುಡುಗರಗತೆ ಅಳಾಕತ್ತಿದ್ದೆ. ಯಾರನ್ನ ಕರಿಬೇಕು ತಿಳೀಲಿಲ್ಲ. ಬಾಯಿಗೆ ಬಂದದ್ದು ಒಂದೇ ಹೆಸರು.

“ಗುಂಡೂಕಾಕಾ... ನೀವರೆ ಬರ್ರಿ.”

ಮೊದಲು ವಾಸನಿ ಬಂತು. ಲವಂಗ...

ಆಮ್ಯಾಲ ಕೆಮ್ಮು. ಸಣ್ಣವು, ಎರಡು. ಹಿಂದಿನಿಂದಲ್ಲ, ಬಾಗಲದಿಂದಲ್ಲ. ನನ್ನ ಕೈ ಕೆಳಗಿಂದ.

ಕಬ್ಬಿಣ ಬೆಚ್ಚಗಾಗಾಕತ್ತಿತು. ಜ್ವರ ಬಂದವರ ಹಣಿ ಇರ್ತದಲ್ಲ, ಹಂಗ. ಫ್ಯಾನು ತಿರುಗ್ತು. ಹಸರು ಲೈಟು ಹತ್ತಿತು. ನಾ ಮೆಲ್ಲಕ ಎಡಗೈ ನೋಡ್ಕೊಂಡೆ.

ವೈರ್ ಇನ್ನೂ ನನ್ನ ಕೈಯಾಗs ಇತ್ತು.

ಬೆಳಿಗ್ಗೆ ಒಂದೂ ಸ್ಕ್ಯಾನ್ ಹೋಗಿರಲಿಲ್ಲ. ಮ್ಯಾನೇಜರ್ ಬೆನ್ನು ತಟ್ಟಿ ‘ಶಾಬಾಶ್’ ಅಂದ. ಆ ರಾತ್ರಿ ವೈರ್ ಸದ್ದಿಲ್ಲದಂಗ ಚುಚ್ಚಿದಾಂವ ನಾನು, ಇವತ್ತಿನ ತನಕ ಮುಟ್ಟಿಲ್ಲ.

ಆದ್ರ ಮುತ್ಯಾನ ಪರದೆ ಮ್ಯಾಲ ದಿನಾ ಒಂದು ಮೆಸೇಜ್ ಬರ್ತದ. ರೀಬೂಟ್ ಬಾಕಿ ಐತಿ, ಈಗ ಮಾಡ್ಲೇನು, ಆಮ್ಯಾಲ ಮಾಡ್ಲೇನು? ಆ ರಾತ್ರಿ ಅದು ಹೋಗೇ ಇಲ್ಲ, ಬಂದೇ ಇಲ್ಲ ಅನ್ನೂಹಂಗ. ರೀಬೂಟ್ ಆಗೂ ತನಕ ಹೊಸ ಬ್ಯಾಕಪ್ ನಡೆಯಂಗಿಲ್ಲ. ನಾ ದಿನಾ ‘ಆಮ್ಯಾಲ’ ಒತ್ತತೀನಿ. ಎಷ್ಟು ದಿನ ಒತ್ತಲಿ? ಒಂದಿನ ತಾನಾಗೇ ನಿಲ್ತದ. ಅವತ್ತು ಹೋಗಾಂವ ಯಾರು ಅಂತ ಯಾರಿಗೆ ಹೇಳ್ಲಿ?

ಕಾಕಾ ಆಪರೇಷನ್ ಟೇಬಲ್ ಮ್ಯಾಲಿಂದ ಏಳಲೇ ಇಲ್ರಿ. ದಿನಕರ್ಮ ಮುಗಿದ ಮ್ಯಾಲ ಕುಷಾಯಿಗೂಡಕ್ಕ, ಅವರ ಮನೀಗೆ ಹೋಗಿದ್ದೆ. ಕಾಕು ಅಳಲಿಲ್ಲ. ಚಾ ಕೊಟ್ಟು, ಎದರಿಗೆ ಕುಂತು, ನನ್ನಲ್ಲ, ಬಾಗಲಾ ನೋಡ್ಕೋತ ಹೇಳಿದ್ರು.

“ಒಳಗ ಒಯ್ಯೂಮುಂದ ನನ್ನ ಕೈ ಹಿಡದು, ಬರ್ತೀನಿ ಅಂತ ಹೇಳೇ ಹೋದ್ರಪಾ. ಹೇಳಿದ ಮಾತು ತಪ್ಪಿದವರಲ್ಲ ಅವರು. ಮನೀಗಂತೂ ಬರಲಿಲ್ಲ... ಎಲ್ಲಿಗೆ ಬಂದ್ರೋ ಏನೋ.”