ಬಳೆ ಏರದ ಕೈ

ಹೆಸರಿಗೆ ಪರಮಾನಂದ, ಕೈಗೆ ಬನಹಟ್ಟಿಯ ಮಗ್ಗದ ಶೆಡ್ಡಿನ ವಾರದ ಪಗಾರ. ಬುದ್ಧಿ ಎರಡಕ್ಕಿಂತಲೂ ಕಡಿಮೆ. ಶೆಡ್ಡಿನಲ್ಲಿ ಪಕ್ಕದಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುವ ಸತ್ಯವ್ವನ ಮನೆಯಲ್ಲಿ ಬಸುರಿ ಇದ್ದಾಳೆಂಬ ಸುದ್ದಿ ಕಿವಿಗೆ ಬಿತ್ತು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲದ ಅವಳ ಮಗಳು ಮನೀಷಾ ತೇರದಾಳದಿಂದ ತವರಿಗೆ ಬಂದಿದ್ದಳು. ಇನ್ನೇನು ಬೇಕು? ಹಸಿರು ಬಳೆ ಕೊಂಡು ಹೋಗಿ ಅವಳ ಮುಂದೆ ಹಿಡಿದೇಬಿಟ್ಟ.

"ನನಗಲ್ಲೋ ಅಣ್ಣಾ," ಎಂದಳು ಮನೀಷಾ. "ಅವ್ವಗ."

ನಗಲು ಬಾಯಿ ತೆರೆದವನು ಹಾಗೇ ನಿಂತ. ಮಾಲೀಕನಿಗೇ ಎದುರು ಮಾತಾಡುವ, ನಲವತ್ನಾಲ್ಕರ ಸತ್ಯವ್ವ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ದಿನವೂ ಜೊತೆಗೆ ಚಹಾ ಕುಡಿದವನ ಕಣ್ಣಿಗೆ ಇದೊಂದೂ ಬಿದ್ದಿರಲಿಲ್ಲ! ಮುಟ್ಟು ನಿಂತಾಗ ವಯಸ್ಸಿಗೆ ನಿಂತಿತೆಂದು ಅವಳೂ ಸುಮ್ಮನಿದ್ದಳಂತೆ. ಕೂಸು ಒದ್ದ ಮೇಲೆ ಗೊತ್ತಾಯಿತು. ಮಗಳ ಮಡಿಲು ಬರಿದಾಗಿರುವಾಗ ತಾನು ದವಾಖಾನೆಯಲ್ಲಿ ಬಸುರಿಯರ ಸಾಲಿಗೆ ಹೇಗೆ ನಿಲ್ಲುವುದು? ವಿಚಾರಿಸಲು ಬಂದ ಆಶಾ ಕಾರ್ಯಕರ್ತೆಗೂ ಬಾಗಿಲು ತೆರೆದಿರಲಿಲ್ಲ.

ಮನೀಷಾ ಬಳೆ ಕಸಿದುಕೊಂಡು ಅವ್ವನ ಮುಂದೆ ಕೂತಳು. "ಹಿಡಿ ಬೇ ಕೈ. ಎಷ್ಟ ದಿನಾ ಮುಚ್ಕೊಂಡ ಅಡ್ಡಾಡ್ತಿ?"

ಬಳೆ ಬೆರಳ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು.

"ಏನ್ ಅಣ್ಣಾ, ಸಣ್ಣ ಹುಡುಗಿ ಅಳತಿ ತಂದಿಯಲ್ಲ!" ಎಂದು ನಕ್ಕವಳು ಅವ್ವನ ಹಳೆಯ ಬಳೆ ನೋಡಿ ನಗು ನಿಲ್ಲಿಸಿದಳು. ಅಳತೆ ಒಂದೇ. ಹಳೆಯವು ಮಾಂಸಕ್ಕೆ ಕಚ್ಚಿಕೊಂಡಿದ್ದವು. ಅವ್ವನ ಕಾಲು ಒತ್ತಿದಳು, ಕುಳಿ ಬಿದ್ದದ್ದು ಏಳಲಿಲ್ಲ.

"ಕೂತ ಕೂತ ಬಾತಾವ," ಎಂದಳು ಸತ್ಯವ್ವ. "ತೆಲಿ ಒಂದ ಸಿಡ್ಯಾಕತ್ತೈತಿ. ಕಣ್ಣ ಮುಂದ ಮಿಂಚ್ ಹೊಡದಂಗ ಆಕ್ಕೈತಿ."

ಸತ್ಯವ್ವನ ಗಂಡ ರಾಚಪ್ಪ ಮುಧೋಳಕ್ಕೆ ಹೋಗಿದ್ದ. ಪರಮಾನಂದ ಓಡಿಹೋಗಿ ಆಟೋ ತಂದ. ಜಮಖಂಡಿಯ ದೊಡ್ಡ ದವಾಖಾನೆ ಇನ್ನೂ ದೂರವಿರುವಾಗಲೇ ಸತ್ಯವ್ವನ ಹಲ್ಲು ಕಚ್ಚಿಕೊಂಡವು, ಕೈಕಾಲು ಸೆಟೆದು ಬಡಿಯತೊಡಗಿದವು. "ಲಗೂ ಹೊಡಿಯೋ ಯಪ್ಪಾ!" ಎಂದು ಚೀರಿದ ಪರಮಾನಂದ ಗೊತ್ತಿದ್ದ ದೇವರನ್ನೆಲ್ಲ ಕರೆಯಲು ಹೋದ, ಒಂದು ಹೆಸರೂ ಪೂರ್ತಿ ಬಾಯಿಗೆ ಬರಲಿಲ್ಲ. ಮನೀಷಾ ಅವ್ವನನ್ನು ಮಗ್ಗುಲಿಗೆ ಹೊರಳಿಸಿ ತಬ್ಬಿಕೊಂಡು ಒಂದೇ ಮಾತು ಹೇಳುತ್ತಿದ್ದಳು: "ಹೋಗಬ್ಯಾಡ ಬೇ. ನಾ ಸಿಟ್ಟಾಗಿಲ್ಲ. ನಾ ಸಿಟ್ಟಾಗಿಲ್ಲ ಬೇ."

"ಬಿ.ಪಿ. ಏರಿ ಫಿಟ್ಸ್ ಬಂದಾವ," ಎಂದರು ಡಾಕ್ಟರು. "ಈ ವಯಸ್ಸಿನ ಬಸುರಿಗೆ ಇದರ ಭಯ ಹೆಚ್ಚು. ಮೊದಲ ತೋರಿಸಿದ್ರ ಔಷಧ ಕೊಡತಿದ್ವಿ. ಈಗ ಕೂಸು ತಗೀದಿದ್ರ ಇಬ್ರೂ ಕೈಗೆ ಹತ್ತಂಗಿಲ್ಲ."

ಎಂಟು ತಿಂಗಳೂ ತುಂಬದ ಹೆಣ್ಣುಕೂಸು. ಅಳಲಿಲ್ಲ. ಗಾಜಿನ ಪೆಟ್ಟಿಗೆಯ ಕೋಣೆಗೆ ಎತ್ತಿಕೊಂಡು ಓಡಿದರು.

ಮರುದಿನ ಸತ್ಯವ್ವ ಕಣ್ಣು ಬಿಟ್ಟಳು. ಸಲೈನ್ ಬದಲಿಸುತ್ತಿದ್ದ ನರ್ಸ್ ತಡೆಯಲಾರದೆ ಕೇಳಿದಳು, "ಅಳಿಯನ್ನ ಕಂಡಾಕಿ ನೀ. ಈ ವಯಸ್ಸಿನಾಗ ಇದು ಬೇಕಿತ್ತೇನಬೇ ನಿನಗ?"

ಮನೀಷಾ ಅವ್ವನ ಕೈ ಹಿಡಿದಳು.

"ಬ್ಯಾಡಾಗಿತ್ರಿ," ಎಂದಳು ಸತ್ಯವ್ವ. "ಈಗ ಬೇಕಾಗೈತಿ. ಉಸಿರಾಡಾಕತ್ತೈತೋ ಇಲ್ಲೋ, ಅಷ್ಟ ಹೇಳ್ರಿ."